ಹೆಸರಿಲ್ಲದ ಮಾತ್ರೆ ಎಷ್ಟು ಕೆಲಸ ಮಾಡುತ್ತದೆ? ಜೆನೆರಿಕ್ ಔಷಧಗಳ ವಿಮರ್ಶೆ

ರಕ್ತದೊತ್ತಡಕ್ಕೆ ಅಮ್ಲೋಡಿಪಿನ್, ಕೊಲೆಸ್ಟರಾಲಿಗೆ ಅಟೋರ್ವಾಸ್ಟಾಟಿನ್, ಸಕ್ಕರೆ ಕಾಯಿಲೆಗೆ ಸಾದಾ ಮೆಟ್‌ಫಾರ್ಮಿನ್, ಸೋಂಕಿಗೆ ಅಮಾಕ್ಸಿಸಿಲಿನ್. ಈ ಸಾಲಿನ ಔಷಧಗಳಲ್ಲಿ, ಕಟ್ಟುನಿಟ್ಟಾದ ನಿಯಂತ್ರಣ ಸಂಸ್ಥೆಯ ಪರೀಕ್ಷೆ ದಾಟಿ ಬಂದ ಜೆನೆರಿಕ್ ಮಾತ್ರೆ (ಮೂಲ ಕಂಪನಿಯ ಔಷಧವನ್ನೇ ಬೇರೆ ತಯಾರಕರು ಮಾಡಿ ಮಾರುವುದು) ಮೂಲ ಬ್ರ್ಯಾಂಡಿನಷ್ಟೇ ಕೆಲಸ ಮಾಡುತ್ತದೆ. ಇಷ್ಟು ಹೇಳಿ ಮುಗಿಸಬಹುದಿತ್ತು. ಆದರೆ ಜೆನೆರಿಕ್ ಎಂಬುದು ಒಂದು ಸರಕಲ್ಲ, ಸಾವಿರಾರು ಸರಕುಗಳ ಗುಂಪು. ನುಂಗಿದ ಅರ್ಧ ಗಂಟೆಯೊಳಗೆ ಕರಗುವ ಸಾದಾ ಮಾತ್ರೆಯೂ ಜೆನೆರಿಕ್ಕೇ, ಹನ್ನೆರಡು ಗಂಟೆ ಕಾಲ ಇಷ್ಟಿಷ್ಟೇ ಔಷಧ ಬಿಡುವ ಪುಟ್ಟ ಯಂತ್ರದಂಥ ಮಾತ್ರೆಯೂ ಜೆನೆರಿಕ್ಕೇ. ಎರಡಕ್ಕೂ ಒಂದೇ ಅಂಕ ಕೊಡಲಾಗದು. ಮೊದಲನೆಯದಕ್ಕೆ ಪೂರ್ಣ ಅಂಕ. ಎರಡನೆಯದಕ್ಕೆ ತಯಾರಕರನ್ನು ನೋಡಿ ಅಂಕ.

ಜೆನೆರಿಕ್‌ನಲ್ಲಿ ಬದಲಾಗಬಾರದ್ದು ನಾಲ್ಕು: ಔಷಧದ್ರವ್ಯ, ಅದರ ಪ್ರಮಾಣ, ಮಾತ್ರೆಯೋ ಕ್ಯಾಪ್ಸೂಲೋ ಎಂಬ ರೂಪ, ದೇಹಕ್ಕೆ ಸೇರುವ ದಾರಿ. ಉಳಿದದ್ದೆಲ್ಲ ಬದಲಾಗಬಹುದು. ಆ ಉಳಿದದ್ದೇನೂ ಕಡಿಮೆಯಲ್ಲ. 50 ಮೈಕ್ರೋಗ್ರಾಂನ ಥೈರಾಕ್ಸಿನ್ ಮಾತ್ರೆ ತಕ್ಕಡಿಯಲ್ಲಿ 100 ಮಿ.ಗ್ರಾಂ ತೂಗಿದರೆ ಅದರಲ್ಲಿ ಔಷಧದ ಪಾಲು ಎರಡು ಸಾವಿರಕ್ಕೆ ಒಂದು. ಮಿಕ್ಕಿದ್ದೆಲ್ಲ ಲ್ಯಾಕ್ಟೋಸ್, ಪಿಷ್ಟ, ಸೆಲ್ಯುಲೋಸ್, ಅಂಟು, ಬಣ್ಣ, ಅಚ್ಚಿಗೆ ಅಂಟದಂತೆ ಹಾಕುವ ಮೆಗ್ನೀಸಿಯಂ ಸ್ಟಿಯರೇಟ್. ಔಷಧ ಯಾವಾಗ, ಎಷ್ಟು ಬೇಗ ಬಿಡುಗಡೆಯಾಗಬೇಕು ಎಂಬುದನ್ನು ನಿರ್ಧರಿಸುವುದು ಈ ಮಿಕ್ಕಿದ್ದೇ. ಜೆನೆರಿಕ್ ಬಗ್ಗೆ ಬರುವ ನಿಜವಾದ ದೂರುಗಳಲ್ಲಿ ಬಹಳಷ್ಟು ಹುಟ್ಟುವುದೂ ಇಲ್ಲಿಯೇ.

ಪರೀಕ್ಷೆ ಹೇಗೆ ನಡೆಯುತ್ತದೆ

ಅಮೆರಿಕದಲ್ಲಿ 1984ರ ಹ್ಯಾಚ್-ವ್ಯಾಕ್ಸ್‌ಮನ್ ಕಾಯ್ದೆ ಬಂದ ಮೇಲೆ ಜೆನೆರಿಕ್ ತಯಾರಕರು ರೋಗಿಗಳ ಮೇಲಿನ ದೊಡ್ಡ ಪ್ರಯೋಗಗಳನ್ನು ಮತ್ತೆ ಮಾಡಬೇಕಿಲ್ಲ. ಔಷಧ ಕೆಲಸ ಮಾಡುತ್ತದೆಂದು ಮೂಲ ಕಂಪನಿ ಆಗಲೇ ತೋರಿಸಿದೆ. ಜೆನೆರಿಕ್ ತೋರಿಸಬೇಕಾದ್ದು ಒಂದೇ: ತನ್ನ ಮಾತ್ರೆ ನುಂಗಿದರೆ ರಕ್ತಕ್ಕೆ ಅಷ್ಟೇ ಔಷಧ, ಅಷ್ಟೇ ವೇಗದಲ್ಲಿ ಸೇರುತ್ತದೆ ಎಂಬುದು. ಇದನ್ನು ಜೈವಿಕ ಸಮಾನತೆ ಎನ್ನುತ್ತಾರೆ. ಸಾಮಾನ್ಯವಾಗಿ 24ರಿಂದ 36 ಮಂದಿ ಆರೋಗ್ಯವಂತ ಸ್ವಯಂಸೇವಕರು ಬೇಕು. ಅರ್ಧ ಜನ ಮೊದಲು ಬ್ರ್ಯಾಂಡ್ ನುಂಗುತ್ತಾರೆ, ಅರ್ಧ ಜನ ಜೆನೆರಿಕ್. ಔಷಧ ದೇಹದಿಂದ ಪೂರ್ತಿ ಹೋಗುವವರೆಗೆ ಬಿಡುವು ಕೊಟ್ಟು ಅದಲು ಬದಲು ಮಾಡಲಾಗುತ್ತದೆ. ಹೀಗಾಗಿ ಪ್ರತಿಯೊಬ್ಬರೂ ತಮಗೆ ತಾವೇ ಹೋಲಿಕೆ. ಮೇಲಿಂದ ಮೇಲೆ ರಕ್ತ ತೆಗೆದು ಎರಡು ಅಂಕಿ ಹಿಡಿಯುತ್ತಾರೆ: ಔಷಧ ಮುಟ್ಟಿದ ಗರಿಷ್ಠ ಮಟ್ಟ ಮತ್ತು ಒಟ್ಟು ರಕ್ತಕ್ಕೆ ಸೇರಿದ ಪ್ರಮಾಣ.

ಎಲ್ಲರೂ ತಪ್ಪು ತಿಳಿಯುವ ಸಂಖ್ಯೆ ಬರುವುದು ಇದರ ಮುಂದೆ. ಶೇ. 80ರಿಂದ 125. ‘ಜೆನೆರಿಕ್‌ನಲ್ಲಿ ಔಷಧ ಶೇ. 20 ಕಡಿಮೆ ಇದ್ದರೂ ನಡೆಯುತ್ತದಂತೆ’ ಎಂಬ ಮಾತು ಕೆಲವು ವೈದ್ಯರ ಬಾಯಲ್ಲೂ ಬರುತ್ತದೆ. ಅದು ತಪ್ಪು. ಮಾತ್ರೆಯೊಳಗಿನ ಔಷಧದ ತೂಕಕ್ಕೂ ಈ ಸಂಖ್ಯೆಗೂ ಸಂಬಂಧವೇ ಇಲ್ಲ. ತೂಕದ ಮಿತಿ ಬೇರೆ. ಹೆಚ್ಚಿನ ಮಾತ್ರೆಗಳಲ್ಲಿ ಲೇಬಲ್ ಪ್ರಮಾಣದ ಶೇ. 90ರಿಂದ 110, ಅದು ಬ್ರ್ಯಾಂಡಿಗೂ ಅನ್ವಯ. ಬ್ರ್ಯಾಂಡಿನ ರಕ್ತದ ಅಂಕಿಯನ್ನು 100 ಎಂದಿಟ್ಟು ಜೆನೆರಿಕ್‌ನದನ್ನು ಹೋಲಿಸಿದಾಗ 80–125ರ ನಡುವೆ ಇರಬೇಕಾದ್ದು ಸರಾಸರಿ ಅನುಪಾತ ಮಾತ್ರವಲ್ಲ, ಅದರ ಸುತ್ತಲಿನ ಶೇ. 90ರ ವಿಶ್ವಾಸಾರ್ಹ ವ್ಯಾಪ್ತಿ (ನಿಜವಾದ ಅನುಪಾತ ಎಲ್ಲಿಂದ ಎಲ್ಲಿಯವರೆಗೆ ಇರಬಹುದೆಂಬ ಅಂದಾಜು) ಪೂರ್ತಿಯಾಗಿ ಅದರೊಳಗೆ ಕೂರಬೇಕು. ಸರಾಸರಿ 95 ಬಂದು ವ್ಯಾಪ್ತಿ 89ರಿಂದ 101 ಇದ್ದರೆ ಪಾಸು. ಸರಾಸರಿ 85 ಬಂದು ವ್ಯಾಪ್ತಿ 78ರಿಂದ 93 ಇದ್ದರೆ ಫೇಲು, ಸರಾಸರಿ ಮಿತಿಯೊಳಗೇ ಇದ್ದರೂ. ಅಂದರೆ ಪಾಸಾಗಬೇಕಾದರೆ ನಡುಬಿಂದು 100ರ ಹತ್ತಿರವೇ ಇರಬೇಕಾಗುತ್ತದೆ. ಮೇಲೆ 25, ಕೆಳಗೆ 20 ಯಾಕೆ ಎಂದರೆ, ಇದು ಭಾಗಾಕಾರದ ಲೆಕ್ಕ: 80ಕ್ಕೆ 100 ಎಷ್ಟು ಪಟ್ಟೋ 100ಕ್ಕೆ 125 ಅಷ್ಟೇ ಪಟ್ಟು.

ಕಾಗದದ ಮೇಲಿನ ನಿಯಮ ಹಾಗಿರಲಿ, ನಿಜದಲ್ಲಿ ಎಷ್ಟು ವ್ಯತ್ಯಾಸ ಬರುತ್ತದೆ? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 1996ರಿಂದ 2007ರವರೆಗೆ ತಾನು ಒಪ್ಪಿದ ಜೆನೆರಿಕ್‌ಗಳ 2,070 ಅಧ್ಯಯನಗಳನ್ನು ಒಟ್ಟಿಗೆ ಹಾಕಿ 2009ರಲ್ಲಿ ಪ್ರಕಟಿಸಿತು. ಬ್ರ್ಯಾಂಡಿಗೂ ಜೆನೆರಿಕ್‌ಗೂ ಸರಾಸರಿ ಅಂತರ ಗರಿಷ್ಠ ಮಟ್ಟದಲ್ಲಿ ಶೇ. 4.35, ಒಟ್ಟು ಪ್ರಮಾಣದಲ್ಲಿ ಶೇ. 3.56. ಒಂದೇ ಮಾತ್ರೆಯನ್ನು ಹೊಟ್ಟೆ ತುಂಬಿದಾಗ ಒಮ್ಮೆ, ಬರಿ ಹೊಟ್ಟೆಯಲ್ಲಿ ಒಮ್ಮೆ ನುಂಗಿದರೆ ಅನೇಕ ಔಷಧಗಳಲ್ಲಿ ಇದಕ್ಕಿಂತ ದೊಡ್ಡ ಅಂತರ ಬರುತ್ತದೆ.

ರಕ್ತದ ಅಂಕಿ ಸರಿ, ರೋಗಿಗೆ ಗುಣ ಸಿಕ್ಕಿತೇ ಎಂದು ಕೇಳುವವರಿಗೆ ಹೃದಯದ ಔಷಧಗಳ ಮೇಲೆ 2008ರಲ್ಲಿ ಬಂದ ದೊಡ್ಡ ಪರಿಶೀಲನೆಯೊಂದಿದೆ. ಬೀಟಾ ಬ್ಲಾಕರ್‌ಗಳ 7 ಪ್ರಯೋಗಗಳಲ್ಲಿ 7ರಲ್ಲೂ, ಮೂತ್ರವರ್ಧಕಗಳ 11ರಲ್ಲಿ 10ರಲ್ಲಿ, ಕ್ಯಾಲ್ಸಿಯಂ ಚಾನೆಲ್ ಬ್ಲಾಕರ್‌ಗಳ 7ರಲ್ಲಿ 5ರಲ್ಲಿ, ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್‌ನ 5ರಲ್ಲಿ 5ರಲ್ಲೂ ಎರಡೂ ಸಮ ಎಂದು ಬಂತು. ಇದರಲ್ಲೊಂದು ತಮಾಷೆಯೂ ಉಂಟು. ಅದೇ ವಿಷಯದ ಮೇಲೆ ವೈದ್ಯಕೀಯ ಪತ್ರಿಕೆಗಳಲ್ಲಿ ಬಂದ ಸಂಪಾದಕೀಯಗಳನ್ನೂ ಆ ಪರಿಶೀಲನೆ ಮಾಡಿದವರು ಎಣಿಸಿದ್ದರು: ಅರ್ಧಕ್ಕಿಂತ ಹೆಚ್ಚು ಬರಹಗಳು ಜೆನೆರಿಕ್‌ಗೆ ಬದಲಾಯಿಸುವುದರ ವಿರುದ್ಧ ಇದ್ದವು. ಪುರಾವೆ ಒಂದು ಕಡೆ, ಅಭಿಪ್ರಾಯ ಇನ್ನೊಂದು ಕಡೆ.

ಎಡವುವುದು ಎಲ್ಲಿ: ನಿಧಾನ ಬಿಡುಗಡೆಯ ಮಾತ್ರೆ

ಹೆಸರಿನ ಕೊನೆಗೆ ಎಸ್‌ಆರ್, ಇಆರ್, ಎಕ್ಸ್‌ಆರ್, ಎಕ್ಸ್‌ಎಲ್, ಸಿಆರ್ ಎಂಬ ಬಾಲವಿದ್ದರೆ ಎಚ್ಚರ. ಒಳಗಿನ ಔಷಧ ಒಂದೇ ಇರಬಹುದು, ಅದನ್ನು ಹಿಡಿದಿಡುವ ತಂತ್ರ ಬೇರೆ ಬೇರೆ. ಒಬ್ಬರದು ನೀರು ಕುಡಿದು ಉಬ್ಬುವ ಅಂಟು, ಇನ್ನೊಬ್ಬರದು ಲೇಪನ ಹೊತ್ತ ಸಣ್ಣ ಕಾಳುಗಳು, ಮತ್ತೊಬ್ಬರದು ಲೇಸರ್‌ನಲ್ಲಿ ಕೊರೆದ ಒಂದೇ ತೂತಿನ ಗಟ್ಟಿ ಚಿಪ್ಪು.

ಖಿನ್ನತೆಯ ಔಷಧ ಬುಪ್ರೊಪಿಯಾನ್‌ನ 300 ಮಿ.ಗ್ರಾಂ ಎಕ್ಸ್‌ಎಲ್ ಜೆನೆರಿಕ್ ಒಂದಕ್ಕೆ ಅಮೆರಿಕದಲ್ಲಿ 2006ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಸಿಕ್ಕಿತು. ಪರೀಕ್ಷಿಸಿದ್ದು ಮಾತ್ರ 150 ಮಿ.ಗ್ರಾಂ ಮಾತ್ರೆಯನ್ನು. ಹೆಚ್ಚಿನ ಪ್ರಮಾಣದಲ್ಲಿ ಫಿಟ್ಸ್ ಬರುವ ಭಯವಿದ್ದುದರಿಂದ ಆರೋಗ್ಯವಂತರಿಗೆ 300 ಕೊಡುವುದು ಬೇಡವೆಂದು ಸಣ್ಣದರ ಫಲಿತಾಂಶವನ್ನೇ ದೊಡ್ಡದಕ್ಕೂ ಒಪ್ಪಿಕೊಂಡಿದ್ದರು. ಔಷಧ ಹಿಡಿಯುತ್ತಿಲ್ಲ, ತಲೆನೋವು, ನಿದ್ದೆಯಿಲ್ಲ ಎಂಬ ದೂರುಗಳು ಬರತೊಡಗಿದವು. ಮೊದಮೊದಲು ಅದನ್ನು ರೋಗದ ಸಹಜ ಏರಿಳಿತ ಎಂದೇ ಬಗೆದರು. ಕೊನೆಗೆ ಎಫ್‌ಡಿಎ ತಾನೇ 24 ಜನರ ಮೇಲೆ 300 ಮಿ.ಗ್ರಾಂ ಪರೀಕ್ಷಿಸಿತು. ಗರಿಷ್ಠ ಮಟ್ಟ ಬ್ರ್ಯಾಂಡಿನ ಶೇ. 75 ಮಾತ್ರ ಮುಟ್ಟಿತ್ತು. 2012ರಲ್ಲಿ ಅದು ಸಮಾನವಲ್ಲವೆಂದು ಘೋಷಿಸಿದರು, ಮಾರಾಟ ನಿಂತಿತು. ರೋಗಿಗಳ ದೂರು ಸುಳ್ಳಾಗಿರಲಿಲ್ಲ.

ಗಮನ ಕೊರತೆಗೆ ಕೊಡುವ ಮೀಥೈಲ್‌ಫೆನಿಡೇಟ್‌ನ ಕಥೆಯೂ ಇದರ ಸೋದರ. ಮೂಲ ಮಾತ್ರೆ ಒಂದು ಪಂಪು: ಹೊರಲೇಪನದಲ್ಲಿ ಶೇ. 22ರಷ್ಟು ಔಷಧ ತಕ್ಷಣ ಕರಗುತ್ತದೆ, ಉಳಿದ ಶೇ. 78ನ್ನು ಒಳಗೆ ನುಗ್ಗಿದ ನೀರು ತೂತಿನಿಂದ ಮೆಲ್ಲಗೆ ಹೊರದಬ್ಬುತ್ತದೆ. ಪಂಪು ಇಲ್ಲದ ಎರಡು ಜೆನೆರಿಕ್‌ಗಳು ಹಳೆಯ ಮಾನದಂಡದಲ್ಲಿ ಪಾಸಾಗಿದ್ದವು. ಆದರೆ ನುಂಗಿದ 7ರಿಂದ 12ನೆಯ ಗಂಟೆಯ ನಡುವೆ ಅವು ಔಷಧವನ್ನು ನಿಧಾನವಾಗಿ ಬಿಡುತ್ತಿರಬಹುದೆಂಬ ಶಂಕೆ ಬಂದು, 2014ರ ನವೆಂಬರ್‌ನಲ್ಲಿ ಅವುಗಳ ‘ಬದಲಿಗೆ ಕೊಡಬಹುದು’ ಎಂಬ ದರ್ಜೆಯನ್ನು ಎಫ್‌ಡಿಎ ಕಿತ್ತುಕೊಂಡಿತು. ಒಟ್ಟು ಪ್ರಮಾಣ, ಗರಿಷ್ಠ ಮಟ್ಟ ಎರಡೂ ಸರಿಯಿದ್ದು ಮಧ್ಯಾಹ್ನದ ಹೊತ್ತಿನ ವಕ್ರರೇಖೆ ತಪ್ಪಿದರೂ ಸಾಕು, ಮಗು ತರಗತಿಯಲ್ಲಿ ಕೂರುವುದಿಲ್ಲ. ಅಂದ ಹಾಗೆ, ಪಂಪಿನ ಮಾತ್ರೆಯ ಖಾಲಿ ಚಿಪ್ಪು ಮಲದಲ್ಲಿ ಹಾಗೆಯೇ ಹೊರಬರುತ್ತದೆ. ‘ಮಾತ್ರೆ ಕರಗಲೇ ಇಲ್ಲ’ ಎಂದು ಗಾಬರಿಯಾಗಬೇಕಿಲ್ಲ, ಔಷಧ ಆಗಲೇ ಹೊರಬಿದ್ದಿರುತ್ತದೆ.

ಇಂಥ ಮಾತ್ರೆಗಳನ್ನು ಬ್ರ್ಯಾಂಡಾಗಲಿ ಜೆನೆರಿಕ್ಕಾಗಲಿ ಪುಡಿಮಾಡಬಾರದು, ಅಗಿಯಬಾರದು. ಇಡೀ ದಿನದ ಔಷಧ ಒಂದೇ ಸಲ ರಕ್ತಕ್ಕೆ ನುಗ್ಗುತ್ತದೆ. ಅರ್ಧ ಮಾಡಬಹುದೇ ಎಂಬುದು ಮಾತ್ರೆಯಿಂದ ಮಾತ್ರೆಗೆ ಬೇರೆ. ಮೆಟೊಪ್ರೊಲಾಲ್ ಸಕ್ಸಿನೇಟ್‌ನ ಕೆಲವು ಮಾತ್ರೆಗಳು ಲೇಪಿತ ಕಾಳುಗಳಿಂದ ಆಗಿರುವುದರಿಂದ ನಡುಗೆರೆಯಲ್ಲಿ ಮುರಿಯಬಹುದು, ಬೇರೊಬ್ಬರ ಮಾತ್ರೆ ಹಾಗಿರಬೇಕೆಂದೇನಿಲ್ಲ. ಬ್ರ್ಯಾಂಡ್ ಬದಲಾದಾಗ ಈ ಪ್ರಶ್ನೆಯನ್ನು ಹೊಸದಾಗಿ ಕೇಳಬೇಕು.

ಕೂದಲೆಳೆಯ ಔಷಧಗಳು

ಕೆಲವು ಔಷಧಗಳಲ್ಲಿ ಸಾಕಾಗದ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ನಡುವೆ ಜಾಗ ಕಡಿಮೆ. ವಾರ್ಫರಿನ್, ಥೈರಾಕ್ಸಿನ್, ಫೆನಿಟಾಯಿನ್, ಕಾರ್ಬಮಜೆಪಿನ್, ಲಿಥಿಯಂ, ಡಿಗಾಕ್ಸಿನ್, ಅಂಗಾಂಗ ಕಸಿಯ ಟ್ಯಾಕ್ರೊಲಿಮಸ್ ಮತ್ತು ಸೈಕ್ಲೊಸ್ಪೋರಿನ್ ಈ ಜಾತಿಯವು. ಇವುಗಳ ಪೈಕಿ ಹಲವಕ್ಕೆ ಯುರೋಪಿನಲ್ಲಿ ಮಿತಿಯನ್ನು ಶೇ. 90ರಿಂದ 111.11ಕ್ಕೆ ಬಿಗಿಗೊಳಿಸಿದ್ದಾರೆ. ಅಮೆರಿಕದಲ್ಲಿ ಥೈರಾಕ್ಸಿನ್ ಮಾತ್ರೆಯೊಳಗಿನ ಔಷಧದ ಪ್ರಮಾಣ ಎಕ್ಸ್‌ಪೈರಿಯವರೆಗೂ ಶೇ. 95ರಿಂದ 105ರೊಳಗೆ ಇರಬೇಕೆಂದು 2007ರಲ್ಲಿ ನಿಯಮ ತಂದರು. ಅದಕ್ಕೆ ಮುಂಚೆ ಬ್ರ್ಯಾಂಡ್ ಥೈರಾಕ್ಸಿನ್‌ಗಳೂ ಶೆಲ್ಫಿನಲ್ಲಿ ಕೂತು ಶಕ್ತಿ ಕಳೆದುಕೊಳ್ಳುತ್ತಿದ್ದವು.

ಔಷಧದ ಜೊತೆ ಸೇರಿಸುವ ತುಂಬುದ್ರವ್ಯ ಏನು ಮಾಡಬಲ್ಲದು ಎಂಬುದಕ್ಕೆ ಹಳೆಯ ಪಾಠ 1968ರ ಆಸ್ಟ್ರೇಲಿಯಾದ್ದು. ಫಿಟ್ಸ್ ಔಷಧ ಫೆನಿಟಾಯಿನ್‌ನ ಕ್ಯಾಪ್ಸೂಲಿನಲ್ಲಿದ್ದ ಕ್ಯಾಲ್ಸಿಯಂ ಸಲ್ಫೇಟ್ ತೆಗೆದು ಲ್ಯಾಕ್ಟೋಸ್ ಹಾಕಿದರು. ಔಷಧವಾಗಲಿ ಪ್ರಮಾಣವಾಗಲಿ ಬದಲಾಗಿರಲಿಲ್ಲ. ರೋಗಿಗಳು ತೂರಾಡತೊಡಗಿದರು, ಕಣ್ಣು ಮಂಜಾಯಿತು, ರಕ್ತದಲ್ಲಿ ಔಷಧ ವಿಷದ ಮಟ್ಟಕ್ಕೆ ಏರಿತ್ತು. ಕ್ಯಾಲ್ಸಿಯಂ ಅಲ್ಲಿಯವರೆಗೆ ಔಷಧದ ಒಂದು ಪಾಲನ್ನು ರಕ್ತಕ್ಕೆ ಹೋಗದಂತೆ ಹಿಡಿದಿಟ್ಟಿತ್ತು. ಫೆನಿಟಾಯಿನ್‌ನ ಸ್ವಭಾವವೂ ಈ ಬೆಂಕಿಗೆ ತುಪ್ಪ ಸುರಿಯುತ್ತದೆ. ಒಂದು ಮಟ್ಟ ದಾಟಿದರೆ ಯಕೃತ್ತಿನ ಕಿಣ್ವಕ್ಕೆ ಹೆಚ್ಚಿನದನ್ನು ಒಡೆಯಲಾಗುವುದಿಲ್ಲ, ಪ್ರಮಾಣ ಸ್ವಲ್ಪ ಹೆಚ್ಚಿದರೆ ರಕ್ತದ ಮಟ್ಟ ಜಿಗಿಯುತ್ತದೆ.

ಹಾಗಾದರೆ ಈ ಗುಂಪಿನಲ್ಲಿ ಜೆನೆರಿಕ್ ಬೇಡವೇ? ಬೇಡ ಎನ್ನಲು ಪುರಾವೆಯಿಲ್ಲ. ಫಿಟ್ಸ್ ಔಷಧ ಲ್ಯಾಮೊಟ್ರಿಜಿನ್‌ನಲ್ಲಿ, ಒಂದಕ್ಕೊಂದು ಅತಿ ದೂರದ ಗುಣವಿರುವ ಎರಡು ಜೆನೆರಿಕ್‌ಗಳನ್ನೇ ಆರಿಸಿ ರೋಗಿಗಳಿಗೆ ಅದಲು ಬದಲು ಮಾಡಿ ಕೊಟ್ಟ ಅಧ್ಯಯನದಲ್ಲೂ (2016ರಲ್ಲಿ ಪ್ರಕಟ) ರಕ್ತದ ಮಟ್ಟ ಸಮವಾಗಿತ್ತು. ನನ್ನ ತೀರ್ಪು ಇಷ್ಟು: ಇಲ್ಲಿ ಬ್ರ್ಯಾಂಡೋ ಜೆನೆರಿಕ್ಕೋ ಎಂಬುದಕ್ಕಿಂತ ತಿಂಗಳು ತಿಂಗಳು ಒಂದೇ ತಯಾರಕರದು ಸಿಗುತ್ತದೆಯೇ ಎಂಬುದು ದೊಡ್ಡದು. ಬ್ರ್ಯಾಂಡಿನಿಂದ ಜೆನೆರಿಕ್‌ಗೆ ಒಮ್ಮೆ ಹೋಗಿ, ರಕ್ತ ಪರೀಕ್ಷಿಸಿ, ಅಲ್ಲೇ ನಿಂತರೆ ತೊಂದರೆಯಿಲ್ಲ. ಪ್ರತಿ ಸಲ ಅಂಗಡಿಯಲ್ಲಿ ಇದ್ದದ್ದನ್ನು ತಂದರೆ, ಇಬ್ಬರು ತಯಾರಕರೂ ತಮ್ಮದು ಬ್ರ್ಯಾಂಡಿಗೆ ಸಮ ಎಂದು ತೋರಿಸಿದ್ದರೂ, ಆ ಇಬ್ಬರ ಮಾತ್ರೆಗಳನ್ನು ಸಾಮಾನ್ಯವಾಗಿ ಪರಸ್ಪರ ಯಾರೂ ಹೋಲಿಸಿರುವುದಿಲ್ಲ.

ಬದಲಾಯಿಸಿದ ಮೇಲೆ ಯಾವಾಗ ನೋಡಬೇಕು ಎಂಬುದು ಔಷಧಕ್ಕೆ ತಕ್ಕಂತೆ. ಥೈರಾಕ್ಸಿನ್‌ನ ಅರ್ಧಾಯುಷ್ಯ (ದೇಹದಲ್ಲಿನ ಔಷಧ ಅರ್ಧಕ್ಕಿಳಿಯುವ ಸಮಯ) ಸುಮಾರು 7 ದಿನ, ಆದ್ದರಿಂದ ಥೈರಾಯ್ಡ್ ಮಟ್ಟ ನೋಡುವ ಟಿಎಸ್‌ಎಚ್ ಪರೀಕ್ಷೆ 6ರಿಂದ 8 ವಾರ ಕಳೆದ ಮೇಲೆ. ಮುಂಚೆ ಮಾಡಿಸಿದರೆ ಅರ್ಧ ಹಳೆಯ ಮಾತ್ರೆ, ಅರ್ಧ ಹೊಸ ಮಾತ್ರೆ ಸೇರಿದ ಅರ್ಥವಿಲ್ಲದ ಅಂಕಿ ಸಿಗುತ್ತದೆ. ವಾರ್ಫರಿನ್‌ಗೆ ರಕ್ತ ಹೆಪ್ಪುಗಟ್ಟುವುದನ್ನು ಅಳೆಯುವ ಐಎನ್‌ಆರ್ ಒಂದೆರಡು ವಾರದೊಳಗೆ. ಟ್ಯಾಕ್ರೊಲಿಮಸ್‌ಗೆ ಮುಂದಿನ ಡೋಸ್ ನುಂಗುವ ಮುನ್ನದ ರಕ್ತದ ಮಟ್ಟ, ಅದೂ ವೈದ್ಯರಿಗೆ ಮೊದಲೇ ತಿಳಿಸಿದ ಮೇಲೆ. ಅದರಲ್ಲಿ ದಿನಕ್ಕೊಂದು ಸಲದ ಮತ್ತು ಎರಡು ಸಲದ ಕ್ಯಾಪ್ಸೂಲುಗಳು ಅದಲು ಬದಲಾಗಿ ಕಸಿ ಮಾಡಿದ ಅಂಗವನ್ನು ದೇಹ ತಿರಸ್ಕರಿಸಿದ ಪ್ರಕರಣಗಳಿವೆ. ಬ್ರಿಟನ್ನಿನ ನಿಯಂತ್ರಣ ಸಂಸ್ಥೆ 2012ರಲ್ಲಿ ಇದನ್ನು ಬ್ರ್ಯಾಂಡ್ ಹೆಸರಿನಲ್ಲೇ ಬರೆಯಿರಿ ಎಂದು ಹೇಳಿದ್ದು ಇದಕ್ಕೇ. ಸೈಕ್ಲೊಸ್ಪೋರಿನ್‌ನ ಒಂದು ಜೆನೆರಿಕ್ ದ್ರಾವಣವಂತೂ ಸೇಬಿನ ರಸದಲ್ಲಿ ಕಲಸಿದಾಗ ಮಾತ್ರ ಬ್ರ್ಯಾಂಡಿಗಿಂತ ಕಡಿಮೆ ಹೀರಿಕೆಯಾಗುತ್ತದೆಂದು ತಿಳಿದು 2000ದಲ್ಲಿ ವಾಪಸಾಯಿತು.

ಲವಣದ ಹೆಸರು ಓದಿ

ಔಷಧದ ಹೆಸರಿನ ನಂತರ ಬರುವ, ಅದು ಯಾವ ಲವಣದ ರೂಪದಲ್ಲಿದೆ ಎಂದು ಹೇಳುವ ಪದವನ್ನು ಯಾರೂ ಓದುವುದಿಲ್ಲ, ಓದಬೇಕು. ಅಮ್ಲೋಡಿಪಿನ್ ಬೆಸಿಲೇಟ್ ಇರಲಿ ಮೆಲಿಯೇಟ್ ಇರಲಿ, ಚಿಂತೆಯಿಲ್ಲ. ಪೆರಿಂಡೊಪ್ರಿಲ್‌ನಲ್ಲಿ ಹಾಗಲ್ಲ, ಎರ್ಬುಮಿನ್ 4 ಮಿ.ಗ್ರಾಂಗೆ ಆರ್ಜಿನಿನ್ 5 ಮಿ.ಗ್ರಾಂ ಸಮ. ಅಂಕಿ ಬೇರೆಯಾದರೂ ಡೋಸ್ ಒಂದೇ. ಮೆಟೊಪ್ರೊಲಾಲ್ ಟಾರ್ಟ್ರೇಟ್ ಸಾಮಾನ್ಯವಾಗಿ ದಿನಕ್ಕೆರಡು ಸಲದ್ದು, ಸಕ್ಸಿನೇಟ್ ದಿನವಿಡೀ ಬಿಡುಗಡೆಯಾಗುವಂಥದು. ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿ ‘ಜೆನೆರಿಕ್ ಸರಿಯಿಲ್ಲ’ ಎಂದು ದೂರಿದರೆ ತಪ್ಪು ಜೆನೆರಿಕ್‌ನದಲ್ಲ.

ಬಣ್ಣ ಬದಲಾದರೆ

ನ್ಯೂಜಿಲೆಂಡಿನಲ್ಲಿ ಥೈರಾಕ್ಸಿನ್‌ನ ಬ್ರ್ಯಾಂಡ್ ಒಂದು 2007ರಲ್ಲಿ ತಯಾರಿಕೆಯ ಜಾಗವನ್ನೂ ತುಂಬುದ್ರವ್ಯವನ್ನೂ ಬದಲಾಯಿಸಿತು. ಹಳದಿ ಮಾತ್ರೆ ಬಿಳಿಯಾಯಿತು. ಔಷಧ ಅದೇ, ಪರೀಕ್ಷೆಗಳಲ್ಲೂ ಸರಿಯಿತ್ತು. ಅದಕ್ಕೆ ಮುಂಚಿನ 30 ವರ್ಷಗಳಲ್ಲಿ ಬಂದಿದ್ದ ದೂರುಗಳು 14. ಮುಂದಿನ 18 ತಿಂಗಳಲ್ಲಿ 1,400ರ ಆಸುಪಾಸು. ಪತ್ರಿಕೆಗಳಲ್ಲಿ ಸುದ್ದಿ ಹೆಚ್ಚು ಬಂದ ಊರುಗಳಿಂದ ದೂರುಗಳೂ ಹೆಚ್ಚು ಬಂದವು. ಕೆಟ್ಟದ್ದಾಗುತ್ತದೆಂಬ ನಿರೀಕ್ಷೆಯೇ ಕೆಟ್ಟದ್ದನ್ನು ತರುವ ಇದಕ್ಕೆ ನೊಸೀಬೊ ಎಂದು ಹೆಸರು. ತಲೆನೋವು ಕಲ್ಪಿತವಲ್ಲ, ನಿಜವಾಗಿಯೇ ಬರುತ್ತದೆ. ಬರಿಸುವುದು ಮಾತ್ರೆಯಲ್ಲ ಅಷ್ಟೇ. ಬುಪ್ರೊಪಿಯಾನ್‌ನಲ್ಲಿ ರೋಗಿಗಳು ಹೇಳಿದ್ದು ಸರಿಯಿತ್ತು, ಇಲ್ಲಿ ಬಹುಪಾಲು ಸರಿಯಿರಲಿಲ್ಲ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಬೇರ್ಪಡಿಸುವುದು ಅಳತೆಯೊಂದೇ: ರಕ್ತದೊತ್ತಡದ ಅಂಕಿ, ಸಕ್ಕರೆಯ ಅಂಕಿ, ಐಎನ್‌ಆರ್, ಟಿಎಸ್‌ಎಚ್.

ಬಣ್ಣ ಇನ್ನೊಂದು ರೀತಿಯಲ್ಲಿ ನೇರವಾಗಿಯೇ ಹಾನಿ ಮಾಡುತ್ತದೆ. ಮಾತ್ರೆ ಬೇರೆ ಥರ ಕಂಡರೆ ಜನ ನುಂಗುವುದನ್ನೇ ಬಿಡುತ್ತಾರೆ. ಅದಕ್ಕಿಂತ ಅಪಾಯ, ಎರಡನ್ನೂ ನುಂಗುವುದು. ಮನೆಯಲ್ಲಿ ಉಳಿದ ಬ್ರ್ಯಾಂಡಿನ ಸ್ಟ್ರಿಪ್, ಹೊಸದಾಗಿ ಬಂದ ಜೆನೆರಿಕ್ ಸ್ಟ್ರಿಪ್, ಎರಡರ ಮೇಲೂ ದೊಡ್ಡಕ್ಷರದಲ್ಲಿ ಬೇರೆ ಬೇರೆ ಹೆಸರು. ವಯಸ್ಸಾದವರು ಎರಡು ಬೇರೆ ಔಷಧವೆಂದು ಭಾವಿಸಿ ದಿನಕ್ಕೆ ಎರಡು ಪಟ್ಟು ನುಂಗುತ್ತಾರೆ. ಹೊಸದು ತಂದ ದಿನವೇ ಹಳೆಯದನ್ನು ಡಬ್ಬಿಯಿಂದ ತೆಗೆಯಬೇಕು, ಸ್ಟ್ರಿಪ್ ಮೇಲೆ ‘ಬಿ.ಪಿ., ಬೆಳಿಗ್ಗೆ ಒಂದು’ ಎಂದು ಪೆನ್ನಿನಲ್ಲಿ ಬರೆಯಬೇಕು.

ಕಾರ್ಖಾನೆಯ ಪ್ರಶ್ನೆ

ಸೂತ್ರ ಸರಿಯಿದ್ದೂ ಬ್ಯಾಚ್ ಕೆಡಬಹುದು. ಜೆನೆರಿಕ್‌ಗೆ ನಾನು ಅಂಕ ಕಡಿಮೆ ಮಾಡುವ ಜಾಗ ಇದೇ, ಯಾಕೆಂದರೆ ಕೊಳ್ಳುವವರಿಗೆ ಇದು ಕಾಣುವುದಿಲ್ಲ. ರ‍್ಯಾನ್‌ಬ್ಯಾಕ್ಸಿಯ (ಜೆನೆರಿಕ್ ತಯಾರಿಸುವ ಕಂಪನಿ) ಅಮೆರಿಕದ ಅಂಗಸಂಸ್ಥೆ 2013ರಲ್ಲಿ ಕಲಬೆರಕೆ ಎಂದು ಕಾನೂನು ಕರೆಯುವ ಮಟ್ಟದ ಔಷಧ ಮಾರಿದ್ದನ್ನೂ ಸುಳ್ಳು ಹೇಳಿಕೆ ಕೊಟ್ಟಿದ್ದನ್ನೂ ನ್ಯಾಯಾಲಯದಲ್ಲಿ ಒಪ್ಪಿಕೊಂಡಿತು. 2018ರಲ್ಲಿ ರಕ್ತದೊತ್ತಡದ ವಾಲ್ಸಾರ್ಟನ್‌ನಲ್ಲಿ ಎನ್‌ಡಿಎಂಎ ಎಂಬ ಕ್ಯಾನ್ಸರ್‌ಕಾರಕ ಕಲ್ಮಶ ಸಿಕ್ಕಿತು. ಕಚ್ಚಾ ಔಷಧ ತಯಾರಿಸುವ ವಿಧಾನ ಬದಲಾಯಿಸಿದಾಗ ಹುಟ್ಟಿಕೊಂಡ ಕಲ್ಮಶವದು. ಆದರೆ ಬ್ರ್ಯಾಂಡಿನವರು ಮೀಸೆ ತಿರುವುವಂತಿಲ್ಲ. ಅದೇ ಎನ್‌ಡಿಎಂಎ ಹೊಟ್ಟೆಯ ಆಮ್ಲ ತಗ್ಗಿಸುವ ರ‍್ಯಾನಿಟಿಡಿನ್‌ನಲ್ಲಿ ಕಂಡಾಗ, 2020ರ ಏಪ್ರಿಲ್‌ನಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹೊರಟದ್ದು ಬ್ರ್ಯಾಂಡ್, ಜೆನೆರಿಕ್ ಎರಡೂ. ಅಲ್ಲಿ ದೋಷ ಆ ಅಣುವಿನಲ್ಲೇ ಇತ್ತು.

ಇನ್ನು ಬೇಗ ಮುಗಿಸಬಹುದಾದ ಮಾತುಗಳು. ಇನ್ಸುಲಿನ್, ಮಾನೊಕ್ಲೋನಲ್ ಆಂಟಿಬಾಡಿಗಳು ಜೀವಕೋಶಗಳಲ್ಲಿ ಬೆಳೆಸಿದ ದೊಡ್ಡ ಅಣುಗಳು. ಅವಕ್ಕಿರುವುದು ಜೆನೆರಿಕ್ ಅಲ್ಲ, ಬಯೋಸಿಮಿಲರ್. ಪರೀಕ್ಷೆಯ ದಾರಿಯೇ ಬೇರೆ. ಇನ್‌ಹೇಲರ್‌ನಲ್ಲಿ ಔಷಧ ಒಂದೇ ಆದರೂ ಸಾಧನ ಬೇರೆಯಾದರೆ ಉಸಿರೆಳೆಯುವ ರೀತಿಯನ್ನು ಮತ್ತೆ ಕಲಿಯಬೇಕು. ಒಣ ಪುಡಿಯದನ್ನು ಜೋರಾಗಿ ಎಳೆಯಬೇಕು, ಒತ್ತಡದ ಡಬ್ಬಿಯದನ್ನು ನಿಧಾನವಾಗಿ. ಅಲರ್ಜಿ ಇರುವವರು ತುಂಬುದ್ರವ್ಯಗಳ ಪಟ್ಟಿ ಓದಲೇಬೇಕು: ಟಾರ್ಟ್ರಾಜಿನ್ ಬಣ್ಣ, ಕೆಲವು ಕ್ಯಾಪ್ಸೂಲುಗಳಲ್ಲಿ ಕಡಲೆಕಾಯಿ ಎಣ್ಣೆ, ಫಿನೈಲ್‌ಕೀಟೋನ್ಯೂರಿಯಾ ಎಂಬ ಹುಟ್ಟುಕಾಯಿಲೆ ಇರುವವರಿಗೆ ಆಸ್ಪರ್ಟೇಮ್. ಮಾತ್ರೆಯಲ್ಲಿನ ಲ್ಯಾಕ್ಟೋಸ್ ತೀರ ಕಡಿಮೆ, ಹಾಲು ಜೀರ್ಣವಾಗದ ಹೆಚ್ಚಿನವರಿಗೂ ಅದು ಲೆಕ್ಕಕ್ಕೆ ಬಾರದು.

ಜೆನೆರಿಕ್ ಕೆಲಸ ಮಾಡುತ್ತಿಲ್ಲ ಅನ್ನಿಸಿದರೆ ಮೊದಲು ಪರೀಕ್ಷಿಸಬೇಕಾದ್ದು ಮಾತ್ರೆಯನ್ನಲ್ಲ, ಅದರ ಸುತ್ತಲಿನದನ್ನು. ಥೈರಾಕ್ಸಿನ್ ಜೊತೆಗೇ ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆ ಶುರುವಾಗಿದೆಯೇ? ಅವುಗಳ ನಡುವೆ 4 ಗಂಟೆ ಅಂತರ ಬೇಕು. ಮಾತ್ರೆಗಳನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಡಬ್ಬಿಗೆ ಹಾಕಿ ಬಚ್ಚಲಿನ ಪಕ್ಕ ಇಟ್ಟಿದ್ದಾರೆಯೇ? ತೇವ ತಗುಲಿದ ಆಸ್ಪಿರಿನ್ ವಿನೆಗರ್ ವಾಸನೆ ಹೊಡೆಯುತ್ತದೆ, ಅದು ಒಡೆದುಹೋಗಿದೆ ಎಂದರ್ಥ. ಬಾಲದ ಅಕ್ಷರ, ಲವಣದ ಹೆಸರು, ಮಿ.ಗ್ರಾಂ ಮೂರೂ ಹಳೆಯದಕ್ಕೆ ಹೊಂದುತ್ತವೆಯೇ? ಇವೆಲ್ಲ ಸರಿಯಿದ್ದೂ ಅಳತೆ ಕೆಟ್ಟಿದ್ದರೆ ಔಷಧವನ್ನು ತಾವಾಗಿ ನಿಲ್ಲಿಸದೆ ವೈದ್ಯರಿಗೆ ತೋರಿಸಿ, ತಯಾರಕರನ್ನು ಬದಲಾಯಿಸಿ ಮತ್ತೆ ಅಳೆಯಬೇಕು. ದೂರು ಕೊಡುವಾಗ ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಎಕ್ಸ್‌ಪೈರಿ ದಿನಾಂಕ ಬೇಕಾಗುತ್ತವೆ. ಮಾತ್ರೆ ಬಿಡಿಸುವಾಗ ಆ ಅಂಕಿಗಳಿರುವ ತುದಿಯನ್ನು ಕೊನೆಗೆ ಉಳಿಸಿಕೊಳ್ಳಿ, ನುಂಗದೆ ಉಳಿದ ಮಾತ್ರೆಗಳನ್ನು ಎಸೆಯಬೇಡಿ. ಪ್ರಯೋಗಾಲಯದವರಿಗೆ ಪರೀಕ್ಷಿಸಲು ಬೇಕಾದ್ದು ಅವೇ.